ತಿಂಗಳು ತುಂಬದ ಜೀವ

ಗರ್ಭಕ್ಕೆ 37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ವೈದ್ಯಶಾಸ್ತ್ರ ಅವಧಿಪೂರ್ವ ಹೆರಿಗೆ ಎಂದು ಕರೆಯುತ್ತದೆ. ಮನೆಮಾತಿನಲ್ಲಿ ಅದು ದಿನ ತುಂಬದ ಹೆರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಹೆಚ್ಚಿನವರು 32 ವಾರ ದಾಟಿ ಹುಟ್ಟಿದವರಾದ್ದರಿಂದ ಸರಿಯಾದ ಆರೈಕೆ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ. 28 ವಾರವೂ ತುಂಬದೆ ಹುಟ್ಟಿದ ಮಗುವಿನ ಸ್ಥಿತಿ ಬೇರೆ. ತೂಕ ಒಂದು ಕಿಲೋದ ಆಸುಪಾಸು, ಅನೇಕ ಸಲ ಅದಕ್ಕೂ ಕಡಿಮೆ. ಚರ್ಮದ ಕೆಳಗಿನ ರಕ್ತನಾಳಗಳು ಹೊರಗೆ ಕಾಣುತ್ತವೆ. ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34 ವಾರಕ್ಕೆ ಬರುವಂಥದ್ದು. ಅಲ್ಲಿಯವರೆಗೆ ತಾಯಿಯ ಹಾಲು ತೆಳ್ಳನೆಯ ನಳಿಕೆಯಲ್ಲಿ ಹೊಟ್ಟೆಗೆ ಇಳಿಯಬೇಕು. ಊರಿನವರು ಕೇಳಿದರೆ ಮನೆಯವರು ‘ಮಗುವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ’ ಎನ್ನುತ್ತಾರೆ.

ಇನ್‌ಕ್ಯುಬೇಟರ್ ಎಂಬ ಆ ಪೆಟ್ಟಿಗೆಯ ಸುತ್ತ ಏಳುವ ಪ್ರಶ್ನೆಗಳೆಲ್ಲ ವೈದ್ಯರಿಗೆ ಸೇರಿದವಲ್ಲ. ಜೀವ ಪೂರ್ತಿ ಬಂದಿದೆಯೇ, ಇದು ಯಾರ ಕರ್ಮದ ಫಲ, ಪುರುಡಿನಲ್ಲಿ ಮಗುವನ್ನು ಮುಟ್ಟಬಹುದೇ, ಹೆಸರಿಡಬಹುದೇ, ಯಂತ್ರದ ಉಸಿರನ್ನು ಎಲ್ಲಿಯವರೆಗೆ ಮುಂದುವರಿಸಬೇಕು ಎಂದು ಕೇಳುವವರು ತಾಯಿ, ಅಜ್ಜಿ, ಮನೆಯ ಹಿರಿಯರು. ಅವರಿಗೆ ಉತ್ತರ ಕೊಡಬೇಕಾದದ್ದು ಧರ್ಮ ಮತ್ತು ತತ್ತ್ವಚಿಂತನೆ.

ಜೀವ ಬರುವ ಕಾಲದ ಬಗ್ಗೆ ಭಾರತದಲ್ಲಿ ಬಹಳ ಹಿಂದಿನಿಂದ ವಿಚಾರ ನಡೆದಿದೆ. ಗರ್ಭೋಪನಿಷತ್ತು ಎಂಬ ಚಿಕ್ಕ ಗ್ರಂಥ ಗರ್ಭವನ್ನು ತಿಂಗಳು ತಿಂಗಳಾಗಿ ಹಿಂಬಾಲಿಸುತ್ತದೆ. ಎರಡನೆಯ ತಿಂಗಳಲ್ಲಿ ತಲೆ, ಮೂರನೆಯದರಲ್ಲಿ ಕಾಲು, ಐದನೆಯದರಲ್ಲಿ ಬೆನ್ನು, ಆರನೆಯದರಲ್ಲಿ ಮುಖ ಮೂಗು ಕಣ್ಣು ಕಿವಿ. ಏಳನೆಯ ತಿಂಗಳಲ್ಲಿ ಪಿಂಡ ಜೀವದೊಂದಿಗೆ ಕೂಡುತ್ತದೆ, ಎಂಟನೆಯದರಲ್ಲಿ ಎಲ್ಲ ಅಂಗಗಳಿಂದ ಪೂರ್ಣವಾಗುತ್ತದೆ. ಒಂಬತ್ತನೆಯ ತಿಂಗಳಲ್ಲಿ ಶಿಶುವಿಗೆ ಹಿಂದಿನ ಜನ್ಮಗಳ ನೆನಪು ಬರುತ್ತದೆ. ಎಷ್ಟೋ ತಾಯಂದಿರ ಎದೆಹಾಲು ಕುಡಿದೆನಲ್ಲ, ಎಷ್ಟು ಸಲ ಹುಟ್ಟಿ ಸತ್ತೆನಲ್ಲ ಎಂದು ಅದು ಮರುಗುತ್ತದೆ. ಇಲ್ಲಿಂದ ಬಿಡುಗಡೆಯಾದರೆ ಭಗವಂತನಿಗೆ ಶರಣಾಗುವೆನೆಂದು ಸಂಕಲ್ಪ ಮಾಡುತ್ತದೆ. ಹೊರಬರುತ್ತಿದ್ದಂತೆ ವೈಷ್ಣವ ವಾಯು ತಾಗಿ ಎಲ್ಲವೂ ಮರೆತುಹೋಗುತ್ತದೆ. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲನು ತಾಯಿ ದೇವಹೂತಿಗೆ ಹೇಳುವ ವಿವರಣೆಯಲ್ಲೂ ಏಳನೆಯ ತಿಂಗಳಿಂದ ಶಿಶುವಿಗೆ ಅರಿವು ಮೂಡುತ್ತದೆ, ತಲೆಕೆಳಗಾಗಿಯೇ ಅದು ಪ್ರಾರ್ಥಿಸುತ್ತದೆ.

ಈ ಮಾತುಗಳನ್ನು ಅಕ್ಷರಶಃ ಹಿಡಿದರೆ 25 ವಾರಕ್ಕೆ ಹುಟ್ಟಿದ ಮಗು ಜೀವ ಕೂಡುವ ಹೊಸ್ತಿಲಲ್ಲೇ ಹೊರಬಂದಂತೆ; 30 ವಾರದ ಮಗುವಿಗೆ ಜೀವವಿದ್ದರೂ ಒಂಬತ್ತನೆಯ ತಿಂಗಳ ಸಂಕಲ್ಪ ತಪ್ಪಿಹೋದಂತೆ. ಕೆಲವು ಮನೆಗಳಲ್ಲಿ ಈ ಭಯ ನಿಜವಾಗಿಯೂ ಇರುತ್ತದೆ. ಆದರೆ ಪರಂಪರೆ ಒಂದೇ ಲೆಕ್ಕವನ್ನು ಹಿಡಿದು ಕೂತಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಪ್ರಕಾರ ಶುಕ್ರ, ಶೋಣಿತ ಮತ್ತು ಜೀವ ಈ ಮೂರೂ ಹೊಟ್ಟೆಯಲ್ಲಿ ಕೂಡಿದಾಗಲೇ ಅದಕ್ಕೆ ಗರ್ಭವೆಂಬ ಹೆಸರು. ಅಂದರೆ ಮೊದಲ ದಿನದಿಂದಲೇ ಅಲ್ಲಿ ಜೀವವಿದೆ. ಚಿಕಿತ್ಸೆ ಮಾಡುವ ಶಾಸ್ತ್ರ ಜೀವವನ್ನು ಆದಿಯಲ್ಲೇ ಒಪ್ಪಿಕೊಳ್ಳುತ್ತದೆ, ವೈರಾಗ್ಯವನ್ನು ಬೋಧಿಸುವ ಶಾಸ್ತ್ರ ಅರಿವಿನ ಮೆಟ್ಟಿಲುಗಳನ್ನು ಎಣಿಸುತ್ತದೆ. ಗರ್ಭೋಪನಿಷತ್ತಿನ ಗುರಿ ದೇಹಧಾರಣೆಯ ದುಃಖವನ್ನು ಮನಗಾಣಿಸುವುದು. ಯಾವ ಮಗು ಎಣಿಕೆಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ತೀರ್ಮಾನಿಸಲು ಅದನ್ನು ಬಳಸುವುದು ಆ ಗ್ರಂಥಕ್ಕೂ ಮಗುವಿಗೂ ಮಾಡುವ ಅನ್ಯಾಯ.

ಹುಟ್ಟಿದೊಡನೆ ಗಾಳಿ ತಾಗಿ ಎಲ್ಲ ಬದಲಾಗುತ್ತದೆ ಎಂಬ ಕಲ್ಪನೆಯ ಹತ್ತಿರಕ್ಕೆ ಇಂದಿನ ವಿಜ್ಞಾನವೂ ಬೇರೆ ದಾರಿಯಿಂದ ಬಂದಿದೆ. ಗರ್ಭದಲ್ಲಿ ಶ್ವಾಸಕೋಶದ ತುಂಬ ದ್ರವ. ಮೊದಲ ಉಸಿರಿನಲ್ಲಿ ಆ ದ್ರವ ಹಿಂದೆ ಸರಿದು ಸಣ್ಣ ಸಣ್ಣ ಗಾಳಿಗೂಡುಗಳು ಬಿಚ್ಚಿಕೊಳ್ಳಬೇಕು. ಅವು ಮತ್ತೆ ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ಪದಾರ್ಥ ಗರ್ಭದ ಕೊನೆಯ ವಾರಗಳಲ್ಲಿ ಮಾತ್ರ ಸಾಕಷ್ಟು ಹುಟ್ಟುತ್ತದೆ. ದಿನ ತುಂಬದ ಮಗುವಿನಲ್ಲಿ ಅದು ಸಾಲದೆ ಒದ್ದೆ ಹಾಳೆಗಳು ಒಂದಕ್ಕೊಂದು ಅಂಟಿದಂತೆ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಈ ಕೊರತೆಯೇ ದಿನ ತುಂಬದ ಮಕ್ಕಳ ಉಸಿರಾಟದ ರೋಗಕ್ಕೆ ಮೂಲವೆಂದು ಮೇರಿ ಎಲೆನ್ ಏವರಿ ಮತ್ತು ಜೇರ್ ಮೀಡ್ 1959ರಲ್ಲಿ ತೋರಿಸಿದರು. ತಾಯಿಗೆ ಹೆರಿಗೆಗೆ ಮುನ್ನ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲಿ ಪ್ರಕಟಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ಹೊರಗಿನಿಂದ ಸರ್ಫ್ಯಾಕ್ಟಂಟ್ ಕೊಟ್ಟು ಮಕ್ಕಳನ್ನು ಉಳಿಸಿದ ವರದಿ ಬಂತು.

ನಮ್ಮಲ್ಲಿ ‘ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳ ಕೂಸು ಉಳಿಯುವುದಿಲ್ಲ’ ಎಂಬ ನಂಬಿಕೆಯೊಂದಿದೆ. ಇದು ಬರೀ ಅಜ್ಜಿಯರ ಕಲ್ಪನೆಯಲ್ಲ. ಎಂಟನೆಯ ತಿಂಗಳಲ್ಲಿ ದೇಹದ ಸಾರವಾದ ಓಜಸ್ಸು ಸ್ಥಿರವಾಗಿರದೆ ತಾಯಿಯಿಂದ ಮಗುವಿಗೆ, ಮಗುವಿನಿಂದ ತಾಯಿಗೆ ಓಡಾಡುತ್ತದೆ, ಆದ್ದರಿಂದ ಆಗ ಹೆರಿಗೆಯಾದರೆ ಅಪಾಯ ಎಂದು ಚರಕಸಂಹಿತೆ ಹೇಳುತ್ತದೆ. ಸುಶ್ರುತಸಂಹಿತೆಯೂ ಆಗ ಹುಟ್ಟಿದ ಮಗು ಓಜಸ್ಸಿಲ್ಲದೆ ಬದುಕುವುದಿಲ್ಲ ಎನ್ನುತ್ತದೆ. ದೂರದ ಗ್ರೀಸಿನಲ್ಲಿ ಹಿಪೊಕ್ರೇಟಿಸನ ಹೆಸರಿನ ಗ್ರಂಥಗಳಲ್ಲಿ ಎಂಟು ತಿಂಗಳ ಮಗುವಿನ ಬಗ್ಗೆಯೇ ಒಂದು ಪ್ರಬಂಧವಿದೆ. ಅದರ ನಿಲುವೂ ಇದೇ. ಯಹೂದಿಗಳ ತಾಲ್ಮುದ್ ಇನ್ನೂ ಕಠಿಣ: ಎಂಟನೆಯ ತಿಂಗಳಲ್ಲಿ ಹುಟ್ಟಿದ ಮಗು ಕಲ್ಲಿಗೆ ಸಮ, ಸಬ್ಬತ್ ಎಂಬ ವಿಶ್ರಾಂತಿಯ ದಿನ ಅದನ್ನು ಎತ್ತಿ ಕದಲಿಸುವಂತಿಲ್ಲ. ಆದರೆ ಅದೇ ವಾಕ್ಯ ಮುಂದುವರಿದು, ತಾಯಿ ಅದರ ಮೇಲೆ ಬಾಗಿ ಹಾಲೂಡಿಸಬಹುದು ಎನ್ನುತ್ತದೆ.

ಈ ವಿಷಯದಲ್ಲಿ ಧರ್ಮಗಳು ಹೇಳಿದ ಎಲ್ಲ ಮಾತುಗಳಿಗಿಂತ ಆ ಕೊನೆಯ ಅನುಮತಿ ಹೆಚ್ಚು ಆಳವಾದದ್ದು. ಮಗು ಉಳಿಯುವುದಿಲ್ಲವೆಂದು ಶಾಸ್ತ್ರ ಖಚಿತವಾಗಿ ನಂಬಿದ್ದರೂ ತಾಯಿಯ ಬಾಗುವಿಕೆಯನ್ನು ತಡೆಯಲು ಅದಕ್ಕೆ ಮನಸ್ಸಾಗಲಿಲ್ಲ. ಎಂಟನೆಯ ತಿಂಗಳ ಸಿದ್ಧಾಂತವಂತೂ ತಪ್ಪೆಂದು ಈಗ ಸ್ಪಷ್ಟವಾಗಿದೆ: ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಉಳಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಏಳಕ್ಕಿಂತ ಎಂಟು ಯಾವಾಗಲೂ ಮೇಲು. ಯಹೂದಿ ಧರ್ಮಗುರುಗಳು ಇನ್‌ಕ್ಯುಬೇಟರಿನ ಕಾಲದಲ್ಲಿ ಹಳೆಯ ನಿಯಮವನ್ನು ಬದಿಗಿಟ್ಟು, ಇಂಥ ಮಗುವಿಗಾಗಿ ಸಬ್ಬತ್ತನ್ನು ಮುರಿಯಲೇಬೇಕೆಂದು ತೀರ್ಮಾನಿಸಿದರು. ಬದಲಾದ ತಿಳಿವಳಿಕೆಯಿಂದ ಧರ್ಮಕ್ಕೆ ಇಲ್ಲಿ ಕುಂದು ಬರಲಿಲ್ಲ.

ಇಸ್ಲಾಮಿನ ನ್ಯಾಯಚಿಂತನೆ ಬೇರೆಯೇ ಒಂದು ದಾರಿಯಿಂದ ಆರು ತಿಂಗಳ ಗಡಿಗೆ ಬಂದಿತ್ತು. ಕುರ್‌ಆನಿನ ಒಂದು ವಚನ ಹೊರುವುದು ಮತ್ತು ಹಾಲು ಬಿಡಿಸುವುದು ಸೇರಿ ಮೂವತ್ತು ತಿಂಗಳು ಎನ್ನುತ್ತದೆ. ಇನ್ನೊಂದು ವಚನ ಹಾಲೂಡಿಸುವುದಕ್ಕೆ ಎರಡು ವರ್ಷ ಎನ್ನುತ್ತದೆ. ಮೂವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಉಳಿಯುವುದು ಆರು. ಮದುವೆಯಾದ ಆರು ತಿಂಗಳಿಗೆ ಹೆತ್ತ ಹೆಣ್ಣೊಬ್ಬಳ ಶೀಲದ ಮೇಲೆ ಸಂಶಯ ಬಂದಾಗ ಈ ಲೆಕ್ಕವೇ ಅವಳನ್ನು ಕಾಪಾಡಿತೆಂದು ಸಂಪ್ರದಾಯ ನೆನೆಯುತ್ತದೆ. ಆ ವಾದವನ್ನು ಸಾಮಾನ್ಯವಾಗಿ ನಾಲ್ಕನೆಯ ಖಲೀಫ ಅಲಿಯವರ ಹೆಸರಿನಲ್ಲಿ ಹೇಳುತ್ತಾರೆ. ಇಲ್ಲಿ ದಿನ ತುಂಬದ ಮಗು ತಾಯಿಯ ಪಾಪಕ್ಕೆ ಸಾಕ್ಷಿಯಾಗುವುದಿಲ್ಲ, ಅವಳ ನಿರಪರಾಧಿತ್ವಕ್ಕೆ ಸಾಕ್ಷಿಯಾಗುತ್ತದೆ. ಹುಟ್ಟಿದ ಮಗು ಒಮ್ಮೆ ಅತ್ತರೂ ಸಾಕು, ಆಮೇಲೆ ಉಸಿರು ನಿಂತರೆ ಅದಕ್ಕೆ ಹೆಸರು, ಸ್ನಾನ, ಜನಾಝಾ ನಮಾಝ್, ಆಸ್ತಿಯ ಹಕ್ಕು ಎಲ್ಲವೂ ಉಂಟು. ವೆಂಟಿಲೇಟರಿನ ನಳಿಕೆ ಗಂಟಲಲ್ಲಿರುವ ಮಗುವಿನ ಅಳು ಕೇಳಿಸುವುದಿಲ್ಲ. ಆದರೆ ಅಳುವೊಂದೇ ಗುರುತಲ್ಲ, ಜೀವವಿದೆಯೆಂಬ ಬೇರೆ ಕುರುಹುಗಳನ್ನೂ ಫಿಕ್ಹ್ ಎಂಬ ನ್ಯಾಯಶಾಸ್ತ್ರದ ಪಂಡಿತರು ಎಣಿಸಿದ್ದಾರೆ.

ಮಹಾಭಾರತದಲ್ಲಿ ದಿನ ತುಂಬದೆ ಹುಟ್ಟಿದ ಮಗುವಿನ ಕಥೆ ಒಂದಿದೆ, ಓದುಗರು ಅದನ್ನು ಹಾಗೆ ಗುರುತಿಸುವುದು ಕಡಿಮೆ. ಅಶ್ವತ್ಥಾಮನ ಅಸ್ತ್ರ ಉತ್ತರೆಯ ಗರ್ಭವನ್ನು ಸುಟ್ಟದ್ದು, ಕೃಷ್ಣ ಪರೀಕ್ಷಿತನನ್ನು ಬದುಕಿಸಿದ್ದು ಎಲ್ಲರಿಗೂ ಗೊತ್ತು. ಆದಿಪರ್ವದಲ್ಲಿ ವಂಶಾವಳಿ ಹೇಳುವ ಗದ್ಯಭಾಗ ಇನ್ನೊಂದು ವಿವರ ಕೊಡುತ್ತದೆ: ಆ ಮಗು ಆರು ತಿಂಗಳದ್ದು, ಅಕಾಲದಲ್ಲಿ ಹುಟ್ಟಿದ್ದು, ಬಲವಿಲ್ಲದ್ದು. ಕೃಷ್ಣನ ಮಾತಿನಂತೆ ಕುಂತಿ ಅದನ್ನು ಮಡಿಲಿಗೆ ಎತ್ತಿಕೊಳ್ಳುತ್ತಾಳೆ. ಈ ಆರು ತಿಂಗಳ ಮಗುವನ್ನು ಬದುಕಿಸುತ್ತೇನೆ ಎಂದು ಅವನು ಹೇಳುತ್ತಾನೆ. ಬದುಕಿಸಿದ ಮೇಲೆ, ಕುಲ ಪರಿಕ್ಷೀಣವಾದಾಗ ಹುಟ್ಟಿದ್ದರಿಂದ ಪರೀಕ್ಷಿತನೆಂದು ಹೆಸರಿಡುತ್ತಾನೆ. ಪ್ರಾಚೀನರಿಗೆ ಇನ್‌ಕ್ಯುಬೇಟರ್ ಗೊತ್ತಿತ್ತೆಂದು ಸಾಧಿಸಲು ಗಾಂಧಾರಿಯ ತುಪ್ಪದ ಗಡಿಗೆಗಳನ್ನು ತೋರಿಸುವವರಿದ್ದಾರೆ. ಅದರಿಂದ ಯಾವ ತಾಯಿಗೂ ಉಪಕಾರವಿಲ್ಲ. ಪರೀಕ್ಷಿತನ ಕಥೆಯಲ್ಲಿ ಗಮನಿಸಬೇಕಾದದ್ದು ಘಟನೆಗಳ ಕ್ರಮ. ಮಗು ಉಳಿಯುತ್ತದೆಂದು ಗೊತ್ತಾದ ಮೇಲೆ ಕುಂತಿ ಎತ್ತಿಕೊಳ್ಳಲಿಲ್ಲ. ಉಸಿರಿಲ್ಲದ ಮಗುವನ್ನೇ ಮಡಿಲಲ್ಲಿಟ್ಟುಕೊಂಡಳು. ಹದಿನೆಂಟು ದಿನದ ಯುದ್ಧದಿಂದ ಉಳಿದ ವಂಶವೆಲ್ಲ ಆ ಮುತ್ತಜ್ಜಿಯ ಮಡಿಲಲ್ಲಿ ಇತ್ತು.

ಇನ್ನು ಕರ್ಮದ ಪ್ರಶ್ನೆ. ತೀವ್ರ ನಿಗಾ ಘಟಕದ ಹೊರಗೆ ಕೂತ ಬಾಣಂತಿ ತನ್ನ ಮೇಲೆ ತಾನೇ ಹೊರಿಸಿಕೊಳ್ಳುವ ಆರೋಪಗಳಿಗೆ ಲೆಕ್ಕವಿಲ್ಲ. ಪರಂಗಿ ಹಣ್ಣು ತಿಂದೆ, ಗ್ರಹಣದ ದಿನ ಹೊರಗೆ ಬಂದೆ, ಬಸ್ಸಿನಲ್ಲಿ ಓಡಾಡಿದೆ, ಕೆಲಸ ಬಿಡಲಿಲ್ಲ, ಹರಕೆ ತೀರಿಸಲಿಲ್ಲ. ಬಂಧುಗಳು ಇನ್ನೂ ಒಂದೆರಡನ್ನು ಸೇರಿಸುತ್ತಾರೆ. ವೈದ್ಯರು ಗುರುತಿಸಿರುವ ಕಾರಣಗಳು ಬೇರೆ: ಸೋಂಕು, ಏರಿದ ರಕ್ತದೊತ್ತಡ, ಅವಳಿ ಗರ್ಭ, ರಕ್ತಹೀನತೆ, ಸಕ್ಕರೆ ಕಾಯಿಲೆ, ಗರ್ಭಕೊರಳಿನ ದೌರ್ಬಲ್ಯ, ಹೆರಿಗೆಗಳ ನಡುವೆ ಸಾಲದ ಅಂತರ. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಕಾರಣ ಸಿಗದ ಆ ಜಾಗದಲ್ಲೇ ‘ಯಾವ ಜನ್ಮದ ಪಾಪ’ ಎಂಬ ಮಾತು ಬಂದು ಕೂರುತ್ತದೆ.

ಕರ್ಮಸಿದ್ಧಾಂತ ಹುಟ್ಟಿದ್ದು ಆರೋಪ ಹೊರಿಸಲಿಕ್ಕಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಶ್ನೆ ದೇವರ ಬಗೆಗಿನದು: ಒಬ್ಬ ಸುಖದಲ್ಲಿ, ಇನ್ನೊಬ್ಬ ದುಃಖದಲ್ಲಿ ಹುಟ್ಟುವುದಾದರೆ ಸೃಷ್ಟಿಸಿದವನಿಗೆ ಪಕ್ಷಪಾತ, ನಿರ್ದಯತೆ ಅಂಟುವುದಿಲ್ಲವೇ? ಶಂಕರರು ಭಾಷ್ಯದಲ್ಲಿ ಮಳೆಯ ಉಪಮೆ ಕೊಡುತ್ತಾರೆ. ಮಳೆ ಎಲ್ಲ ಬೀಜಗಳಿಗೂ ಸಮಾನ ಕಾರಣ, ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಆಯಾ ಬೀಜದ ಗುಣದಿಂದ. ಹಾಗೆಯೇ ಈಶ್ವರನು ಜೀವಿಗಳ ಕರ್ಮವನ್ನು ಅನುಸರಿಸುತ್ತಾನೆ. ಹಾಗಾದರೆ ಮೊದಲ ಕರ್ಮ ಎಲ್ಲಿಂದ ಬಂತು ಎಂಬ ಆಕ್ಷೇಪಕ್ಕೆ, ಸಂಸಾರ ಅನಾದಿ ಎಂಬುದು ಮುಂದಿನ ಸೂತ್ರದ ಉತ್ತರ. ದೇವರನ್ನು ಕ್ರೌರ್ಯದ ಆರೋಪದಿಂದ ಬಿಡಿಸಲು ಮಾಡಿದ ವಾದ ಇದು. ಅದನ್ನೇ ತಿರುಗಿಸಿ ಹೊಲಿಗೆಯ ನೋವಿನಲ್ಲಿರುವ ಹೆಣ್ಣಿನ ಮೇಲೆ ಹೊರಿಸಿದರೆ ವಾದದ ತಿರುಳೇ ಕೆಟ್ಟುಹೋಗುತ್ತದೆ. ಯಾವ ಕರ್ಮಕ್ಕೆ ಯಾವ ಫಲ ಎಂಬುದು ಮನುಷ್ಯರ ಅಳತೆಗೆ ಸಿಗದೆಂದು ಸಿದ್ಧಾಂತವೇ ಹೇಳುವಾಗ, ಪಕ್ಕದ ಮನೆಯವರಿಗೆ ಅದು ಹೇಗೆ ಗೊತ್ತಾಗಬೇಕು? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕಾರ್ಯಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಆಶ್ರಯವಾದ ದೇಹ, ಕರ್ತೃ, ಬೇರೆ ಬೇರೆ ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಕರ್ತೃ ತಾನೊಬ್ಬನೇ ಎಂದು ತಿಳಿಯುವವನು ಸರಿಯಾಗಿ ಕಾಣುವುದಿಲ್ಲ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಎಲ್ಲಕ್ಕೂ ತಾನೇ ಕಾರಣಳೆಂದು ಕೊರಗುವ ತಾಯಿಗೆ ಸಲ್ಲಬೇಕಾದ ಮಾತು ಅದು.

ಹಣೆಬರಹದ ಮಾತೂ ಹಾಗೆಯೇ. ಹುಟ್ಟಿದ ಆರನೆಯ ರಾತ್ರಿ ಷಷ್ಠೀದೇವಿ, ಉತ್ತರ ಕರ್ನಾಟಕದವರ ಸಟವಿ, ಬಂದು ಮಗುವಿನ ಹಣೆಯಲ್ಲಿ ಬರೆಯುತ್ತಾಳೆಂಬ ನಂಬಿಕೆಯಿದೆ. ಬರೆದದ್ದು ತಪ್ಪದಿದ್ದರೆ ಚಿಕಿತ್ಸೆ ಏಕೆ? ಚರಕಸಂಹಿತೆಯ ವಿಮಾನಸ್ಥಾನ ಇದನ್ನು ನೇರವಾಗಿ ಎದುರಿಸಿದೆ. ಎಲ್ಲರ ಆಯುಸ್ಸೂ ಮೊದಲೇ ಗೊತ್ತುಮಾಡಿದ್ದಾದರೆ ಔಷಧ, ಮಂತ್ರ, ಪಥ್ಯ ಯಾವುದೂ ಬೇಕಿಲ್ಲ. ಆಯುಸ್ಸು ದೈವ ಮತ್ತು ಪುರುಷಕಾರ, ಅಂದರೆ ಮನುಷ್ಯಪ್ರಯತ್ನ, ಎರಡನ್ನೂ ಅವಲಂಬಿಸಿದೆ ಎಂಬುದು ಅದರ ವಾದ. ಗಾಡಿಯ ಅಚ್ಚು ಸರಿಯಾಗಿ ಬಳಸಿದರೆ ಕಾಲ ಬಂದಾಗ ಸವೆಯುತ್ತದೆ, ಭಾರ ಹೆಚ್ಚಾದರೆ ನಡುದಾರಿಯಲ್ಲೇ ಮುರಿಯುತ್ತದೆ. ಸಾವೂ ಹಾಗೆ, ಕಾಲದ್ದು ಒಂದು, ಅಕಾಲದ್ದು ಒಂದು. ದೈವವೆಂದು ಕರೆದದ್ದರ ಗಡಿ ಹೇಗೆ ಸರಿಯುತ್ತದೆ ಎಂಬುದಕ್ಕೆ 1963ರ ಒಂದು ಸಾವು ಸಾಕ್ಷಿ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ ಸುಮಾರು 2.1 ಕಿಲೋ. ಶ್ವಾಸಕೋಶದ ಅದೇ ಕೊರತೆಯಿಂದ 39 ಗಂಟೆಗಳಲ್ಲಿ ತೀರಿಕೊಂಡ. ದೇಶದ ಎಲ್ಲ ಸಂಪತ್ತಿನಿಂದಲೂ ಅವನನ್ನು ಉಳಿಸಲಾಗಲಿಲ್ಲ. ಇಂದು ಅಂಥ ಮಗು ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಿಂದಲೂ ಮನೆಗೆ ಹೋಗುತ್ತದೆ.

ಮುಟ್ಟುವ ಪ್ರಶ್ನೆ ಸಣ್ಣದಾಗಿ ಕಂಡರೂ ಜೀವವನ್ನು ಉಳಿಸುವ, ಕಳೆಯುವ ಪ್ರಶ್ನೆ. ಪುರುಡಿನ ಹತ್ತು ದಿನ, ಬಾಣಂತನದ ಕತ್ತಲ ಕೋಣೆ, ಗಾಳಿ ತಾಗದಂತೆ ಕಟ್ಟಿದ ತಲೆ, ಇವೆಲ್ಲ ತಾಯಿಯ ವಿಶ್ರಾಂತಿಗೆ ನೆರವಾದ ಕಟ್ಟಳೆಗಳು. ಮಗು ಪಕ್ಕದಲ್ಲೇ ಮಲಗಿರುತ್ತದೆಂದು ಎಣಿಸಿ ಮಾಡಿದವು. ಮಗು ಆಸ್ಪತ್ರೆಯಲ್ಲಿ, ತಾಯಿ ಮನೆಯ ಕೋಣೆಯಲ್ಲಿ ಆದಾಗ ಅದೇ ಕಟ್ಟಳೆ ಇಬ್ಬರನ್ನೂ ಅಗಲಿಸುತ್ತದೆ. ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಕಂಗೆಟ್ಟ ವೈದ್ಯ ಎಡ್ಗರ್ ರೇ 1978ರಲ್ಲಿ ದಿನ ತುಂಬದ ಮಕ್ಕಳನ್ನು ತಾಯಂದಿರ ಬರಿ ಎದೆಗೆ ಅಂಟಿಸಿ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗೊರಗಿಸಿದ ಮಕ್ಕಳಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ. 12, ಮೊದಲು ಯಂತ್ರದಲ್ಲಿಟ್ಟು ಸ್ಥಿರವಾದ ಮೇಲೆ ಎದೆಗೆ ಕೊಟ್ಟವರಲ್ಲಿ ಶೇ. 15.7. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ಇದನ್ನು ಮಾಡಬೇಕೆಂದಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಹರಡುವ ಕೆಲಸ ನಡೆದಿದೆ.

ಹನ್ನೆರಡನೆಯ ಶತಮಾನದ ಶರಣರ ಪರಂಪರೆ ಜನನ ಸೂತಕವೂ ಸೇರಿ ಐದು ಸೂತಕಗಳನ್ನು ಒಪ್ಪುವುದಿಲ್ಲ. ಮಗು ಗರ್ಭದಲ್ಲಿರುವಾಗಲೇ ತಾಯಿಯ ಮೂಲಕ ಅದಕ್ಕೆ ಲಿಂಗಧಾರಣೆ ಮಾಡುವ ಪದ್ಧತಿಯೂ ವೀರಶೈವ ಲಿಂಗಾಯತರಲ್ಲಿದೆ. ಅಂಥ ಮನೆಯ ಮಗು ಎಷ್ಟು ವಾರಕ್ಕೆ ಹುಟ್ಟಿದರೂ ಹೊರಗಿನದಾಗಿ ಹುಟ್ಟುವುದಿಲ್ಲ. ಸೂತಕವನ್ನು ಪಾಲಿಸುವ ಮನೆಗಳಲ್ಲೂ ಆಪತ್ಕಾಲಕ್ಕೆ ನಿಯಮ ಸಡಿಲ ಎಂಬ ಆಪದ್ಧರ್ಮದ ಮಾತು ಹಳೆಯದೇ. ಹಾಲು ಹಿಂಡಿ ಕೊಡಲು, ಮಗುವನ್ನು ಎದೆಗೆ ಒರಗಿಸಿಕೊಳ್ಳಲು ಬಾಣಂತಿ ಹೊಸ್ತಿಲು ದಾಟುವುದು ಅದರೊಳಗೆ ಬರುತ್ತದೆ.

ಸಾವು ಹತ್ತಿರ ಬಂದಾಗ ಕ್ರೈಸ್ತರಲ್ಲಿ ತುರ್ತು ದೀಕ್ಷಾಸ್ನಾನವಿದೆ. ಪಾದ್ರಿ ಬರುವಷ್ಟು ಸಮಯವಿಲ್ಲದಿದ್ದರೆ ಕ್ರೈಸ್ತ ಸಭೆಯ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರು ಬೇಕಾದರೂ ನೀರು ಹಾಕಿ ಅದನ್ನು ಕೊಡಬಹುದೆಂದು ಕೆಥೋಲಿಕ್ ನಿಯಮ ಹೇಳುತ್ತದೆ. ಕೊಡುವವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ರಾತ್ರಿ ಪಾಳಿಯ ಹಿಂದೂ ದಾದಿಯೊಬ್ಬಳು ಬೇರೆ ಧರ್ಮದ ಮಗುವಿನ ಹಣೆಗೆ ನೀರು ತಾಗಿಸಬಹುದೆಂಬ ಈ ಅವಕಾಶದಲ್ಲಿ ಒಂದು ಧರ್ಮ ತನ್ನ ಗಡಿಯನ್ನು ಮಗುವಿಗಾಗಿ ತೆರೆದಿಟ್ಟಿದೆ. ದೀಕ್ಷೆಯಿಲ್ಲದೆ ತೀರಿಕೊಂಡ ಶಿಶುಗಳ ಗತಿ ಏನೆಂಬುದು ಅಗಸ್ಟೀನನ ಕಾಲದಿಂದ ತಾಯಂದಿರನ್ನು ಕಾಡಿದ ಪ್ರಶ್ನೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಅಂಥ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆಯಿಡಲು ಬಲವಾದ ಆಧಾರಗಳಿವೆ ಎಂದಿತು.

ಯಂತ್ರದ ಉಸಿರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ಮೆದುಳಿನಲ್ಲಿ ದೊಡ್ಡ ರಕ್ತಸ್ರಾವವಾಗಿ, ಕರುಳು ಕೊಳೆತು, ಮುಂದೆ ದಾರಿಯಿಲ್ಲವೆಂದು ಕಂಡಾಗ ವೈದ್ಯರು ತಂದೆತಾಯಿಯನ್ನು ಕೂರಿಸಿ ಮಾತಾಡುತ್ತಾರೆ. ಪೋಪ್ ಹನ್ನೆರಡನೆಯ ಪಯಸ್ 1957ರಲ್ಲಿ ಅರಿವಳಿಕೆ ತಜ್ಞರಿಗೆ ಹೇಳಿದ ವಿವೇಚನೆಯನ್ನು ಈಗ ಬೇರೆ ಧರ್ಮದವರೂ ಬಳಸುತ್ತಾರೆ: ಸಾಮಾನ್ಯ ಉಪಾಯಗಳನ್ನು ಕೈಬಿಡುವಂತಿಲ್ಲ, ವಿಪರೀತ ಹೊರೆಯಾಗುವ ಅಸಾಮಾನ್ಯ ಉಪಾಯಗಳಿಗೆ ಕಟ್ಟುಬಿದ್ದಿರಬೇಕಿಲ್ಲ. ಹಿಂದೂ ಧರ್ಮದಲ್ಲಿ ಇಂಥ ತೀರ್ಪು ಕೊಡುವ ಒಂದೇ ಪೀಠವಿಲ್ಲ. ಅಹಿಂಸೆಯ ಒಂದೇ ತತ್ತ್ವದಿಂದ ‘ಕೊಲ್ಲಬಾರದು’ ಎಂಬ ಮಾತೂ ‘ಫಲವಿಲ್ಲದೆ ನೋಯಿಸಬಾರದು’ ಎಂಬ ಮಾತೂ ಹೊರಡುತ್ತವೆ. ಎರಡನೆಯದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ದಿನ ತುಂಬದ ಮಗುವಿಗೂ ನೋವು ತಿಳಿಯುತ್ತದೆ; 1980ರ ದಶಕದವರೆಗೂ ಎಷ್ಟೋ ಕಡೆ ಅದಕ್ಕೆ ನೋವಿಲ್ಲವೆಂದು ಬಗೆದು ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ದಿನಕ್ಕೆ ಹತ್ತಾರು ಸಲ ಸೂಜಿ ಚುಚ್ಚಿಸಿಕೊಳ್ಳುವ ದೇಹದ ಪರವಾಗಿ ಯೋಚಿಸುವುದು ಕರುಣೆಯ ಕೆಲಸವೇ. ಇದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ: ಅನೇಕ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಧರ್ಮವಿಚಾರದಿಂದಲ್ಲ, ದುಡ್ಡು ಮುಗಿದದ್ದರಿಂದ; ಕೆಲವೊಮ್ಮೆ ಮಗು ಹೆಣ್ಣಾದ್ದರಿಂದ. ಅದನ್ನು ವಿಧಿಯೆಂದು ಕರೆಯುವುದು ಸುಳ್ಳು.

ಎರಡು ವರ್ಷ ತುಂಬದ ಮಗುವನ್ನು ಸುಡದೆ ಹೂಳಬೇಕು, ಅದಕ್ಕೆ ಅಗ್ನಿಸಂಸ್ಕಾರವಿಲ್ಲ, ತರ್ಪಣವಿಲ್ಲ ಎಂಬುದು ಮನುಸ್ಮೃತಿಯ ವಿಧಿ. ಕರ್ನಾಟಕದ ಹೆಚ್ಚಿನ ಸಮುದಾಯಗಳ ರೂಢಿಯೂ ಇದೇ. ದೇಹದ ಮೋಹ ಇನ್ನೂ ಅಂಟದ ಜೀವಕ್ಕೆ ಬಿಡಿಸುವ ಕರ್ಮ ಬೇಕಿಲ್ಲ ಎಂದು ಹಿರಿಯರು ಇದನ್ನು ಅರ್ಥೈಸುತ್ತಾರೆ. ಅರ್ಥ ಸುಂದರವಾಗಿದೆ. ಆದರೆ ಹದಿಮೂರು ದಿನದ ಕರ್ಮಾಂತರವಿಲ್ಲದ ಮನೆಯಲ್ಲಿ ದುಃಖಕ್ಕೆ ಕೂರಲು ಜಾಗವೇ ಇಲ್ಲದಂತಾಗುತ್ತದೆ. ಗಂಡಸರು ಮಗುವನ್ನು ಹೊತ್ತು ಹೋಗಿ ಬರುತ್ತಾರೆ, ತಾಯಿಗೆ ಎದೆ ಕಟ್ಟಿರುತ್ತದೆ, ಮುಂದಿನ ವರ್ಷ ಇನ್ನೊಂದಾಗುತ್ತದೆ ಬಿಡು ಎಂಬ ಮಾತು ಕೇಳಿಬರುತ್ತದೆ. ಕರ್ಮವನ್ನು ಶಾಸ್ತ್ರ ಬೇಡವೆಂದಿತೇ ಹೊರತು ಅಳುವನ್ನು ಎಲ್ಲೂ ಬೇಡವೆಂದಿಲ್ಲ.

ಉಳಿದ ಮಗುವಿಗೆ ಹೆಸರು ಬೇಕು. ಆಸ್ಪತ್ರೆಯ ಪಟ್ಟಿಯಲ್ಲಿ ಅದು ಇನ್ನೂ ತಾಯಿಯ ಹೆಸರಿನ ‘ಬೇಬಿ’. ಹನ್ನೊಂದನೆಯ, ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಲಾಗಲಿಲ್ಲವೆಂದು ಮನೆಯವರು ಅಳುಕುತ್ತಾರೆ. ಉಳಿಯುವುದು ಖಚಿತವಾಗುವವರೆಗೆ ಹೆಸರು ಬೇಡವೆಂದು ಕೆಲವರು ಸುಮ್ಮನಿರುತ್ತಾರೆ. ಹತ್ತನೆಯ ಅಥವಾ ಹನ್ನೆರಡನೆಯ ದಿನ, ಇಲ್ಲವೇ ಒಳ್ಳೆಯ ತಿಥಿ ನಕ್ಷತ್ರ ನೋಡಿ ನಾಮಕರಣ ಮಾಡಬಹುದೆಂದು ಮನುಸ್ಮೃತಿಯೇ ಬಿಡುವು ಕೊಟ್ಟಿದೆ. ಮನೆಗೆ ಬಂದ ಮೇಲೂ ವೈದ್ಯರು ಆ ಮಗುವಿಗೆ ಎರಡು ವಯಸ್ಸುಗಳನ್ನು ಬರೆಯುತ್ತಾರೆ. ಒಂದು ಹುಟ್ಟಿದ ದಿನದಿಂದ, ಇನ್ನೊಂದು ಹುಟ್ಟಬೇಕಾಗಿದ್ದ ದಿನದಿಂದ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು, ಮೊದಲ ತೊದಲು ಎಲ್ಲವನ್ನೂ ಸುಮಾರು ಎರಡು ವರ್ಷದವರೆಗೆ ಎರಡನೆಯ ಲೆಕ್ಕದಲ್ಲೇ ನೋಡುತ್ತಾರೆ. ಜಾತಕ ಬರೆಯುವವರು ಮಾತ್ರ ಮೊದಲನೆಯದನ್ನೇ ಹಿಡಿಯುತ್ತಾರೆ: ಮಗು ಗಾಳಿಗೆ ಬಂದ ಗಳಿಗೆ.